ಓಡೋ ಮಕ್ಕಳ ಹೊಟ್ಟೆ ಕಡೆಗೂ ನೋಡಿ

ಮಾನ್ಯ ಸಂಪಾದಕರೇ,

ಬಳ್ಳಾರಿಯಲ್ಲಿ ನನ್ನದು ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂಡಿ. ಮಗಳು ದ್ವಿತೀಯ ಪಿಯು, 800 ಮೀಟರ್ ಓಡುತ್ತಾಳೆ. ನಮ್ಮ ಬಿಸಿಲು ಗೊತ್ತಲ್ವಾ, ಬೆಳಿಗ್ಗೆ 5ಕ್ಕೇ ಮೈದಾನದಲ್ಲಿರಬೇಕು. ಬಂದವಳಿಗೆ ಬಂಡಿಯ ಒಗ್ಗರಣೆಯನ್ನೇ ಕೊಡುತ್ತೇನೆ. ಮಂಡಕ್ಕಿ ಎಷ್ಟೊತ್ತು ತಡೆಯುತ್ತೆ? 10 ಗಂಟೆಗೆ ಮತ್ತೆ ಹಸಿವು.

ಎಸ್ಸೆಸ್ಸೆಲ್ಸಿವರೆಗೆ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ, ಮೊಟ್ಟೆ ಸಿಗುತ್ತಿತ್ತು. ಕಾಲೇಜು ಸೇರಿದಳು, ಎರಡೂ ನಿಂತವು. ಓಟ ಮಾತ್ರ ಜಾಸ್ತಿಯಾಯ್ತು. ಕೋಚ್ ದಿನಕ್ಕೆ ನಾಲ್ಕು ಮೊಟ್ಟೆ ಕೊಡಿ ಅಂತಾರೆ. ಮನೆಯಲ್ಲಿ ಇನ್ನೂ ಇಬ್ಬರು ಮಕ್ಕಳಿದ್ದಾರೆ, ಅವಳೊಬ್ಬಳ ತಟ್ಟೆಗೆ ನಾಲ್ಕು ಹೇಗೆ ಹಾಕಲಿ?

ಕಳೆದ ಸಲ ಕಾಲೇಜಿನಿಂದ ಪಂದ್ಯಕ್ಕೆ ಹೋದಾಗ ಬಸ್ ಚಾರ್ಜ್ ಕೊಟ್ಟರು, ಊಟದ ದುಡ್ಡು ಆಮೇಲೆ ಅಂದರು. ಆ 'ಆಮೇಲೆ' ಇನ್ನೂ ಬಂದಿಲ್ಲ. ಸ್ಪೈಕ್ ಶೂ ಗೆಳತಿಯದು, ಒಂದು ಸೈಜ್ ದೊಡ್ಡದು. ಮುಂದೆ ಹತ್ತಿ ತುರುಕಿಕೊಂಡು ಓಡಿ ಮೂರನೆಯವಳಾಗಿ ಬಂದಳು. ಫೋಟೊ ಮಾತ್ರ ಕಾಲೇಜಿನ ಗೋಡೆ ಮೇಲಿದೆ.

ನಮ್ಮ ಜಿಲ್ಲೆಯ ತೋರಣಗಲ್ಲು ಬಳಿಯ ಕ್ರೀಡಾ ಸಂಸ್ಥೆಯಲ್ಲಿ ನೀರಜ್ ಚೋಪ್ರಾ ಅವರೂ ತರಬೇತಿ ಪಡೆದವರು. ಅಲ್ಲಿಗೆ ಎಲ್ಲರೂ ಹೋಗೋಕಾಗಲ್ಲ. ಇಲ್ಲೇ ಓಡೋ ಮಕ್ಕಳಿಗೆ ಅಭ್ಯಾಸ ಮುಗಿದ ಕೂಡಲೇ ಮೈದಾನದಲ್ಲೇ ಎರಡು ಮೊಟ್ಟೆ, ಒಂದು ಲೋಟ ಹಾಲು ಸರ್ಕಾರ ಕೊಡಲಿ. ಊಟದ ದುಡ್ಡನ್ನು ಬಸ್ ಹತ್ತುವ ಮೊದಲೇ ಮಕ್ಕಳ ಕೈಗೆ ಕೊಡಲಿ.

— ಒಬ್ಬ ತಂದೆ, ಕೌಲ್‌ಬಜಾರ್, ಬಳ್ಳಾರಿ