ಆ ಡಬ್ಬಿಯ ಹೆಸರನ್ನೂ ಡಾಕ್ಟರಿಗೆ ಹೇಳು

ಶಿರಸಿ

ಪ್ರೀತಿಯ ಕೂಸೇ,

ನಿನ್ನೆ ಫೋನಿನಲ್ಲಿ ನನ್ನ ದನಿ ಏರಿತು. ನೋವಾಗಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ. ಥೈರಾಯ್ಡ್ ಮಾತ್ರೆ ನುಂಗುವವಳು ಯಾರನ್ನೂ ಕೇಳದೆ ಅಶ್ವಗಂಧದ ಕ್ಯಾಪ್ಸೂಲ್ ತಿನ್ನಬಾರದು.

“ಹಿತ್ತಿಲ ಸೊಪ್ಪನ್ನೆಲ್ಲ ಹೊಗಳುವವಳೂ ನೀನೇ, ಈಗ ಬೇಡವೆನ್ನುವವಳೂ ನೀನೇ” ಎಂದೆಯಲ್ಲ, ಅದಕ್ಕೇ ಈ ಕಾಗದ. ಕುಮಟಾದ ಚಿಕ್ಕಮ್ಮನ ಸಂಗತಿಯನ್ನು ಪೂರ್ತಿ ಹೇಳಲು ನೀನು ಬಿಡಲಿಲ್ಲ.

ಆಗ ನೀನಿನ್ನೂ ಹುಟ್ಟಿರಲಿಲ್ಲ. ಚಿಕ್ಕಮ್ಮನಿಗೆ ರಕ್ತದೊತ್ತಡ, ದಿನವೂ ಮಾತ್ರೆ. ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಯಾರೋ ಸರ್ಪಗಂಧದ ಬೇರಿನ ಪುಡಿ ಕೊಟ್ಟರು. ನಿದ್ದೆ ಬಂತು, ಎಲ್ಲರಿಗೂ ಸಮಾಧಾನವಾಯಿತು. ಕೆಲವು ದಿನ ಕಳೆದು, ಬೆಳಗಿನ ಜಾವ ಬಚ್ಚಲಿಗೆ ಹೊರಟವಳು ಎದ್ದು ನಿಂತಲ್ಲೇ ಕುಸಿದಳು. ಆಸ್ಪತ್ರೆಗೆ ಒಯ್ದಾಗ ರಕ್ತದೊತ್ತಡ ಪಾತಾಳಕ್ಕೆ ಇಳಿದಿತ್ತು. “ಬೇರೆ ಏನು ಔಷಧ ಕೊಟ್ಟಿದ್ದೀರಿ?” ಎಂದು ಡಾಕ್ಟರು ಕೇಳಿದರು. ನಾವೆಲ್ಲ “ಏನೂ ಇಲ್ಲ” ಎಂದೆವು. ಮುಚ್ಚಿಡಬೇಕೆಂದಲ್ಲ ಕೂಸೇ, ಬೇರನ್ನು ಔಷಧವೆಂದು ಯಾರೂ ಎಣಿಸಿರಲೇ ಇಲ್ಲ. ಅವರು ಮತ್ತೆ ಕೇಳಿದರು, ನಾವು ಮತ್ತೆ ಅದನ್ನೇ ಹೇಳಿದೆವು. ಕೊನೆಗೆ ಅಮ್ಮಮ್ಮನಿಗೆ ಪುಡಿಯ ನೆನಪಾಯಿತು.

ಅದೇ ಬೇರಿನಿಂದ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು 1952ರಲ್ಲಿ ರೆಸರ್ಪಿನ್ ಎಂಬ ಮದ್ದಿನ ಅಂಶವನ್ನು ಬೇರ್ಪಡಿಸಿದ್ದರು, ಅದನ್ನು ರಕ್ತದೊತ್ತಡ ಇಳಿಸಲೆಂದೇ ಮಾತ್ರೆ ಮಾಡಿದ್ದರು ಎಂಬುದು ನಮಗೆ ಆಮೇಲೆ ತಿಳಿಯಿತು. ಚಿಕ್ಕಮ್ಮ ಒಂದೇ ಕಾಯಿಲೆಗೆ ಎರಡು ಮದ್ದು ತಿನ್ನುತ್ತಿದ್ದಳು! ಬದುಕಿಕೊಂಡಳು, ನಿಜ. ಅಮ್ಮಮ್ಮನಿಗೆ ನೆನಪಾಗದಿದ್ದರೆ ಏನಾಗುತ್ತಿತ್ತು ಎಂದು ನಾನು ಈಗಲೂ ಯೋಚಿಸುತ್ತೇನೆ. “ಅದೇನು ಔಷಧವೇ ಆಯಿ, ಗಿಡಮೂಲಿಕೆ ಅಷ್ಟೆ” ಎಂದು ನೀನು ಅಂದಾಗ ನನಗೆ ಕೇಳಿಸಿದ್ದು ನಮ್ಮದೇ ಆ “ಏನೂ ಇಲ್ಲ”.

ಅಶ್ವಗಂಧ ಕೆಟ್ಟದ್ದೆನ್ನುತ್ತಿಲ್ಲ. ನಿದ್ದೆಗೆ, ಮನಸ್ಸಿನ ಒತ್ತಡಕ್ಕೆ ಆಯುರ್ವೇದ ವೈದ್ಯರು ಅದನ್ನು ಕೊಡುತ್ತಾರೆ. ಆದರೆ ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ನಿನ್ನ ಮಾತ್ರೆಯೂ ಸೇರಿ ಅದು ಮಿತಿ ಮೀರಿದರೆ ಎದೆ ಡವಗುಟ್ಟುತ್ತದೆ, ಇದ್ದ ನಿದ್ದೆಯೂ ಹೋಗುತ್ತದೆ. ಅಪರೂಪಕ್ಕೆ ಕೆಲವರ ಯಕೃತ್ತಿಗೂ ಪೆಟ್ಟಾಗಿದೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿದೆ.

ಹಿತ್ತಿಲಿನದು ಬೇರೆ ಲೆಕ್ಕ. ಬಸ್ಸಿಗೆ ಕೊಟ್ಟ ಚೀಲದಲ್ಲಿ ಒಂದೆಲಗ, ಮಜ್ಜಿಗೆಹುಲ್ಲು, ಲಾವಂಚದ ಬೇರು ಇಟ್ಟಿದ್ದೇನೆ. ಒಂದೆಲಗವನ್ನು ಕೂಡಲೇ ಬಳಸು. ಜೀರಿಗೆ, ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಸೊಪ್ಪನ್ನೂ ಬಾಡಿಸಿ, ಕಾಯಿತುರಿಯೊಡನೆ ನುಣ್ಣಗೆ ಬೀಸಿ ಮಜ್ಜಿಗೆ ಬೆರೆಸು. ತಂಬುಳಿಯನ್ನು ಕುದಿಸಬೇಡ. ಅನ್ನಕ್ಕೆ ಎಷ್ಟು ಬೇಕೋ ಅಷ್ಟೇ ತಿನ್ನುತ್ತೇವೆ, ಹಾಗಾಗಿ ಅತಿಯಾಗುವುದಿಲ್ಲ. ಲಾವಂಚವನ್ನು ತೊಳೆದು ಕುಡಿಯುವ ನೀರಿಗೆ ಹಾಕು. ಮಜ್ಜಿಗೆಹುಲ್ಲಿನ ಕಷಾಯ ಸಂಜೆಗಿರಲಿ. ಬೆಳಿಗ್ಗೆ ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಡನೆ ನುಂಗು, ಒಂದು ತಾಸು ಕಾಫಿಯನ್ನೂ ಮುಟ್ಟಬೇಡ.

ಕಾಫಿ ಎಂದಾಗ ನೆನಪಾಯಿತು. ರಾತ್ರಿ ಹನ್ನೊಂದಕ್ಕೆ ಕಾಫಿ ಕುಡಿದು, ಎರಡರವರೆಗೆ ಮೊಬೈಲ್ ನೋಡುವವಳಿಗೆ ಯಾವ ಬೇರು ನಿದ್ದೆ ತರಬೇಕು? ಅಮೆರಿಕದವರ ಹಗಲಿಗಾಗಿ ನಿನ್ನ ರಾತ್ರಿಯನ್ನು ಎಷ್ಟು ವರ್ಷ ಕೊಡುತ್ತೀಯ? ಬಡ್ತಿ ಸಿಕ್ಕಿದ್ದನ್ನು ಅಪ್ಪಯ್ಯ ಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ನನಗೂ ಹೆಮ್ಮೆಯೇ. ಆದರೂ ವೀಡಿಯೋ ಕರೆಯಲ್ಲಿ ನಿನ್ನ ಕಣ್ಣಿನ ಕೆಳಗೆ ಕಂಡ ಕಪ್ಪು ನನ್ನನ್ನು ಸುಮ್ಮನಿರಲು ಬಿಡುವುದಿಲ್ಲ.

ಶನಿವಾರ ಡಾಕ್ಟರ ಬಳಿ ಹೋಗುವಾಗ ಆ ಡಬ್ಬಿಯನ್ನೂ ತೆಗೆದುಕೊಂಡು ಹೋಗು. ಅವರು ಕೇಳದಿದ್ದರೂ ಮೇಜಿನ ಮೇಲೆ ಇಡು. ಥೈರಾಯ್ಡ್ ಪರೀಕ್ಷೆ ಮಾಡಿಸಬೇಕೇ ಎಂದೂ ಕೇಳು. ಅಲ್ಲಿಯವರೆಗೆ ಅದರ ಮುಚ್ಚಳ ತೆಗೆಯಬೇಡ. ತಿನ್ನಬಹುದು ಎಂದು ಅವರೇ ಹೇಳಿದರೆ ನನ್ನ ತಕರಾರಿಲ್ಲ.

ನಿನ್ನ
ಆಯಿ