ಕಪ್ ಗೆದ್ದರೂ ಬೆಟ್ ಸೋತಿತು

ಮಾನ್ಯರೇ,

ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಬಂದರೆ ಸಾಕು, ನಮ್ಮ ಹುಡುಗರು ಮಧ್ಯರಾತ್ರಿ ಎದ್ದು ಕೂರುತ್ತಾರೆ. ಆಟ ನೋಡಲಿ, ಬೇಡ ಅನ್ನುವುದಿಲ್ಲ. ಜತೆಗೆ ಬೆಟ್ಟಿಂಗ್ ಯಾಕೆ? ಅದೂ ನಿಯಮ ಓದದೆ ಸುಮ್ನೆ ದುಡ್ಡು ಸುರಿಯುವವರೇ ಜಾಸ್ತಿ. 2012ರ ಫೈನಲ್ ನೆನಪಿದೆ ಅಲ್ವಾ? ಮ್ಯೂನಿಕ್‌ನಲ್ಲಿ 83ನೇ ನಿಮಿಷಕ್ಕೆ ಜರ್ಮನಿಯ ಬಯಾರ್ನ್ ಕ್ಲಬ್‌ನ ಮುಲ್ಲರ್ ಗೋಲು ಹೊಡೆದ, 88ನೇ ನಿಮಿಷಕ್ಕೆ ಇಂಗ್ಲೆಂಡಿನ ಚೆಲ್ಸಿ ಕ್ಲಬ್‌ನ ದ್ರೋಗ್ಬಾ ಹೆಡರ್‌ನಿಂದ ಸಮ ಮಾಡಿದ, ಕೊನೆಗೆ ಪೆನಾಲ್ಟಿಯಲ್ಲಿ ಚೆಲ್ಸಿ ಕಪ್ ಎತ್ತಿತು. ಆದರೆ ‘ಯಾರು ಗೆಲ್ತಾರೆ’ ಅನ್ನುವ ಮಾಮೂಲಿ ಬೆಟ್‌ನ ಲೆಕ್ಕ 90 ನಿಮಿಷ ಮತ್ತು ಇಂಜುರಿ ಟೈಮ್‌ಗೇ (ಆಟ ನಿಂತ ಹೊತ್ತಿಗೆ ಬದಲಾಗಿ ಸೇರಿಸುವ ಕೆಲವು ನಿಮಿಷ) ಮುಗಿಯುತ್ತದೆ, ಪೆನಾಲ್ಟಿ ಲೆಕ್ಕಕ್ಕಿಲ್ಲ. ಹಾಗಾಗಿ ಅದರಲ್ಲಿ ಚೆಲ್ಸಿ ಅಂತ ಕಟ್ಟಿದವರಿಗೂ ಕೈಗೆ ಚಿಪ್ಪು! ಡ್ರಾ ಅಂದವರಿಗಷ್ಟೇ ದುಡ್ಡು.

ಸ್ಪೇನ್ 2021ರಲ್ಲೇ ಕ್ಲಬ್ ಜೆರ್ಸಿಗಳಿಂದ ಬೆಟ್ಟಿಂಗ್ ಜಾಹೀರಾತು ತೆಗೆಸಿತು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕ್ಲಬ್‌ಗಳು 2025-26ರ ಸೀಸನ್ ಮುಗಿದ ಮೇಲೆ ಜೆರ್ಸಿಯ ಎದೆ ಮೇಲಿಂದ ಅದನ್ನು ತೆಗೆಯುತ್ತೇವೆ ಅಂತ 2023ರಲ್ಲಿ ಒಪ್ಪಿದವು, ತೋಳಿನ ಮೇಲೆ ಮಾತ್ರ ಇರಬಹುದಂತೆ. ಇದೆಂಥ ಜಾಣತನವೋ!

ನಿಮ್ಮಲ್ಲಿ ಒಂದೇ ಕೋರಿಕೆ. ಪಂದ್ಯದ ಮುನ್ನೋಟದಲ್ಲಿ ಬೆಟ್ಟಿಂಗ್ ದರ ಹಾಕಬೇಡಿ. ಯಾರಿಗೆ ಗಾಯ, ಯಾರು ಬೆಂಚ್‌ನಲ್ಲಿ ಅಂತ ಬರೆಯಿರಿ, ಸಾಕು.

– ಒಬ್ಬ ಓದುಗ, ಶಿವಮೊಗ್ಗ