ವೈಫೈ ಸರಿಪಡಿಸಿಕೊಟ್ಟ ಸಹೃದಯರಿಗೆ

ಹೆಸರನ್ನೂ ಹೇಳದೆ ನೆರವಾದ ನಿಮಗೆ ಮನಃಪೂರ್ವಕ ಧನ್ಯವಾದಗಳು. ಮನೆಯ ವೈಫೈ ಆಮೆವೇಗಕ್ಕೆ ಇಳಿದಾಗ ಎಲ್ಲರೂ ಹೊಸ ರೂಟರ್ ಕೊಳ್ಳಿ ಎಂದರು. ನೀವು ಮಾತ್ರ ಮೊದಲು ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ರೂಟರಿಗೆ ಜೋಡಿಸಿ ವೇಗ ಅಳೆಯಿರಿ ಎಂದಿರಿ. ಅಲ್ಲಿ ವೇಗ ಸರಿಯಾಗಿಯೇ ಇತ್ತು. ದೋಷವಿದ್ದದ್ದು ಗಾಳಿಯಲ್ಲಿ, ಅಂದರೆ ತಂತಿಯಿಲ್ಲದ ಸಂಕೇತದಲ್ಲಿ! ವೈಫೈ ಬಳಸುವ ರೇಡಿಯೊ ತರಂಗಪಟ್ಟಿಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಪರಸ್ಪರ ತಾಗದಂತೆ ಸಾಮಾನ್ಯವಾಗಿ ಬಳಸುವ ಒಳದಾರಿಗಳು, ಅಂದರೆ ಚಾನೆಲ್‌ಗಳು 1, 6, 11 ಮೂರೇ. ನಮ್ಮ ಅಪಾರ್ಟ್‌ಮೆಂಟಿನ ಅಕ್ಕಪಕ್ಕದ ರೂಟರ್‌ಗಳೆಲ್ಲ 6ರಲ್ಲೇ ಕಿಕ್ಕಿರಿದಿದ್ದವು. ನಿಮ್ಮ ಸಲಹೆಯಂತೆ ಲ್ಯಾಪ್‌ಟಾಪನ್ನು ಇನ್ನೊಂದು ತರಂಗಪಟ್ಟಿಯಾದ 5 ಗಿಗಾಹರ್ಟ್ಸ್‌ಗೆ ಬದಲಿಸಿ, ಟಿ.ವಿ. ಹಿಂದಿದ್ದ ರೂಟರನ್ನು ನಡುಮನೆಯ ಕಪಾಟಿನ ಮೇಲಿಟ್ಟೆವು. 5 ಗಿಗಾಹರ್ಟ್ಸ್ ಗೋಡೆ ದಾಟುವಾಗ ಬೇಗ ಸೊರಗುತ್ತದೆ ಎಂದು ಮುಂಚೆಯೇ ಎಚ್ಚರಿಸಿದ್ದು ದೊಡ್ಡ ಉಪಕಾರ. ಕೊನೆಯ ಕೋಣೆಯ ಅಮ್ಮನ ಮೊಬೈಲನ್ನು 2.4ರಲ್ಲೇ ಉಳಿಸಿ, ಚಾನೆಲನ್ನು 11ಕ್ಕೆ ಬದಲಿಸಿದೆವು. ಮಗಳ ಆನ್‌ಲೈನ್ ತರಗತಿ ಈಗ ನಡುವೆ ನಿಲ್ಲುವುದಿಲ್ಲ. ಅಪರಿಚಿತರಿಗಾಗಿ ಇಷ್ಟು ತಾಳ್ಮೆಯಿಂದ ಬಿಡಿಸಿ ಹೇಳಿದಿರಲ್ಲ, ನಾವೆಲ್ಲ ನಿಮಗೆ ಋಣಿ.